ವಿನೀರ್ ಕನ್ನಡಿ ಫ್ರೇಮ್‌ಗೆ ಸ್ಟೇನ್ ಮತ್ತು ಪಾಲಿಶ್: ಪದೇ ಪದೇ ಕೇಳುವ ಪ್ರಶ್ನೆಗಳು

ಅಂಗಡಿಯಿಂದ ತಂದ ಫ್ರೇಮ್ ಇರಲಿ, ಬಡಗಿ ಮಾಡಿಕೊಟ್ಟದ್ದಿರಲಿ, ಸ್ಟೇನ್ (ಮರಕ್ಕೆ ಹಿಡಿದು ಬಣ್ಣ ಕೊಡುವ ದ್ರವ), ಪಾಲಿಶ್ ವಿಷಯಕ್ಕೆ ಬಂದರೆ ಎಲ್ಲರೂ ಕೇಳುವುದು ಹೆಚ್ಚುಕಮ್ಮಿ ಇವೇ ಪ್ರಶ್ನೆಗಳು. ಇಲ್ಲಿ ಹೇಳಿರುವುದು ಪ್ಲೈವುಡ್ ಅಥವಾ ಎಂಡಿಎಫ್ (ಮರದ ನಾರು ಒತ್ತಿ ಮಾಡಿದ ಹಲಗೆ) ಮೇಲೆ ತೇಗ, ಬೀಟೆ, ವಾಲ್ನಟ್, ಓಕ್‌ನಂಥ ಮರದ ತೆಳು ಹಾಳೆ, ಅಂದರೆ ವಿನೀರ್, ಅಂಟಿಸಿ, ನಾಲ್ಕೂ ಮೂಲೆಯನ್ನು 45 ಡಿಗ್ರಿಗೆ ಕೊಯ್ದು ಜೋಡಿಸಿದ ಫ್ರೇಮ್ ಬಗ್ಗೆ. ಗಟ್ಟಿ ಮರದ ಫ್ರೇಮ್ ಇದ್ದವರಿಗೆ ಇದರಲ್ಲಿ ಅರ್ಧ ಉಪಯೋಗಕ್ಕೆ ಬರುತ್ತದೆ.

ನನ್ನ ಫ್ರೇಮ್ ನಿಜವಾದ ವಿನೀರಾ, ಮೈಕಾನಾ? ಹೇಗೆ ಗೊತ್ತಾಗುತ್ತದೆ?

ಹಿಂಬದಿ ತಿರುಗಿಸಿ ಅಂಚು ನೋಡಿ. ವಿನೀರ್ ಆದರೆ ಪ್ಲೈ ಮೇಲೆ ಬೇರೆ ಬಣ್ಣದ ಮರದ ಒಂದು ತೆಳು ಪದರ ಕಾಣುತ್ತದೆ. ಮೈಕಾ ಆದರೆ ಅಂಚಿನಲ್ಲಿ ಗಟ್ಟಿಯಾದ ಕಂದು ಅಥವಾ ಕಪ್ಪು ಗೆರೆ ಇರುತ್ತದೆ. ಮರದ ಎಳೆಗಳ ಅದೇ ಚಿತ್ರ ಒಂದು ಗೇಣು ಆಚೆ ಮತ್ತೆ ಹಾಗೇ ಬಂದಿದ್ದರೆ ಅದು ಅಚ್ಚು ಹಾಕಿದ ಕಾಗದ. ಮೈಕಾ, ಕಾಗದ ಎರಡಕ್ಕೂ ಸ್ಟೇನ್ ಹಿಡಿಯುವುದಿಲ್ಲ, ಸುಮ್ನೆ ದುಡ್ಡು ಹಾಳು.

ರೀಕಾನ್ ವಿನೀರ್ ಅಂತ ಒಂದಿದೆ. ಅದು ನಿಜವಾದ ಮರವೇ, ಆದರೆ ಬಣ್ಣ ಹಾಕಿ, ಒತ್ತಿ, ಮತ್ತೆ ಸೀಳಿದ್ದು, ಹಾಗಾಗಿ ಗೆರೆಗಳು ತೀರಾ ಅಚ್ಚುಕಟ್ಟಾಗಿರುತ್ತವೆ. ಅದರಲ್ಲಿ ಮೊದಲೇ ಬಣ್ಣ ಇರುವುದರಿಂದ ಸ್ಪಿರಿಟ್ ತಾಗಿಸಿದರೆ ಬಟ್ಟೆಗೆ ಬಣ್ಣ ಬಿಡಬಹುದು. ಹಿಂಭಾಗದಲ್ಲಿ ಒಂದು ಮೂಲೆ ಒರೆಸಿ ನೋಡಿ.

ಅಂಗಡಿಯವರು 4 ಎಂಎಂ ವಿನೀರ್ ಅಂದರು. ಹಾಗಾದರೆ ಚೆನ್ನಾಗಿ ಉಜ್ಜಬಹುದಲ್ವಾ?

ಇಲ್ಲ. ಎಡವಟ್ಟು ಶುರುವಾಗುವುದೇ ಇಲ್ಲಿ. 4 ಎಂಎಂ ಅನ್ನುವುದು ಇಡೀ ಶೀಟಿನ ದಪ್ಪ. ಅದರಲ್ಲಿ ಬಹುಪಾಲು ಕೆಳಗಿನ ಪ್ಲೈ, ಮೇಲಿನ ತೇಗವೋ ವಾಲ್ನಟ್ಟೋ ಇರುವುದು ಸುಮಾರು ಅರ್ಧ ಎಂಎಂ, ಎಷ್ಟೋ ಸಲ ಅದಕ್ಕಿಂತ ಕಡಿಮೆ. ಕಾರ್ಖಾನೆಯಲ್ಲೇ ಒಂದು ಸಲ ಉಜ್ಜಿ ಕಳಿಸಿರುತ್ತಾರೆ, ಆಮೇಲೆ ಬಡಗಿ ಮೂಲೆ ಸಮ ಮಾಡಲು ಉಜ್ಜಿರುತ್ತಾರೆ, ಕೊನೆಗೆ ನಿಮ್ಮ ಪಾಲಿಗೆ ಉಳಿದಿರುವುದು ಬಹಳ ಕಡಿಮೆ. ಈ ಅರ್ಧ ಎಂಎಂ ಒಂದನ್ನು ನೆನಪಿಟ್ಟುಕೊಂಡರೆ ಮುಂದಿನ ಎಷ್ಟೋ ಪ್ರಶ್ನೆಗಳಿಗೆ ಉತ್ತರ ತಾನಾಗಿಯೇ ಹೊಳೆಯುತ್ತದೆ. ಬೆಲ್ಟ್ ಸ್ಯಾಂಡರ್ ಹತ್ತಿರವೂ ತರಬೇಡಿ. ಫ್ರೇಮ್‌ನಂಥ ಸಣ್ಣ ಕೆಲಸಕ್ಕೆ ಕೈಯೇ ಸಾಕು.

ಕನ್ನಡಿ ತೆಗೆಯಲೇಬೇಕಾ?

ತೆಗೆಯಬಹುದಾದರೆ ತೆಗೆದುಬಿಡಿ. ಹಿಂದಿನ ಹಲಗೆಯ ಮೊಳೆ ಬಿಚ್ಚುವುದು ಹತ್ತು ನಿಮಿಷದ ಕೆಲಸ. ಕನ್ನಡಿ ಇಟ್ಟುಕೊಂಡೇ ಪಾಲಿಶ್ ಮಾಡಿದರೆ ಥಿನ್ನರ್ ಅಂಚಿನಿಂದ ಒಳಗೆ ಇಳಿದು ಹಿಂದಿನ ಬೆಳ್ಳಿ ಲೇಪ ಹಾಳಾಗಬಹುದು, ಆಮೇಲೆ ಅಂಚಿನಲ್ಲಿ ಕಪ್ಪು ಕಲೆ ಬರುತ್ತದೆ. ಅದು ಹೋಗುವುದೇ ಇಲ್ಲ. ಅಂಟಿಸಿಬಿಟ್ಟಿದ್ದರೆ ಫ್ರೇಮ್ ಮತ್ತು ಗಾಜಿನ ಸಂದಿಗೆ ಮಾಸ್ಕಿಂಗ್ ಟೇಪ್ ತೂರಿಸಿ, ಗಾಜಿನ ಮೇಲೆ ಪೂರ್ತಿ ನ್ಯೂಸ್‌ಪೇಪರ್ ಮುಚ್ಚಿ, ಮತ್ತು ಸ್ಟೇನನ್ನು ಸುರಿಯುವಷ್ಟು ಒದ್ದೆ ಬಟ್ಟೆಯಲ್ಲಿ ಹಚ್ಚಬೇಡಿ.

ಫ್ರೇಮ್ ಮೇಲೆ ಹಳೆ ಪಾಲಿಶ್ ಇದೆ. ಅದು ಯಾವುದು ಅಂತ ತಿಳಿಯೋದು ಹೇಗೆ?

ಕಾಣದ ಜಾಗದಲ್ಲಿ ಸ್ಪಿರಿಟ್ ಅದ್ದಿದ ಹತ್ತಿಯಿಂದ ಒತ್ತಿ ಹಿಡಿಯಿರಿ. ಅಂಟಂಟಾಗಿ ಬಟ್ಟೆಗೆ ಬಂದರೆ ಅದು ಅರಗಿನ ಪಾಲಿಶ್, ಅಂದರೆ ಶೆಲ್ಯಾಕ್. ಸ್ಪಿರಿಟ್‌ಗೆ ಬರಲಿಲ್ಲ, ಎನ್‌ಸಿ ಥಿನ್ನರ್‌ಗೆ ಕರಗಿತು ಅಂದರೆ ಎನ್‌ಸಿ (ನೈಟ್ರೋಸೆಲ್ಯುಲೋಸ್) ಲ್ಯಾಕರ್. ಎರಡಕ್ಕೂ ಜಗ್ಗಲಿಲ್ಲ ಅಂದರೆ ಮೆಲಮೈನ್ ಅಥವಾ ಪಿಯು (ಪಾಲಿಯುರೆಥೇನ್).

ಹಳೆಯದು ಅರಗಿನ ಪಾಲಿಶ್ ಆಗಿದ್ದರೆ ನಿಮ್ಮ ಅದೃಷ್ಟ. ಸ್ಪಿರಿಟ್‌ನಲ್ಲೇ ಒರೆಸಿ ತೆಗೆಯಬಹುದು, ಎಷ್ಟೋ ಸಲ ಪೂರ್ತಿ ತೆಗೆಯದೆ ಮೇಲೆಯೇ ಹೊಸದು ಹಚ್ಚಿದರೂ ಹಳೆಯದರ ಜೊತೆ ಸೇರಿಕೊಳ್ಳುತ್ತದೆ. ಮೆಲಮೈನ್, ಪಿಯು ಇದ್ದರೆ ಪೇಂಟ್ ರಿಮೂವರ್ ಬೇಕು, ಕೈಗೆ ಗ್ಲೌಸ್ ಹಾಕಿಕೊಂಡು, ಹೊರಗೆ ಗಾಳಿಯಲ್ಲಿ ಮಾಡಿ. ತೆಗೆಯಲು ಮೊಂಡಾದ ಪ್ಲಾಸ್ಟಿಕ್ ಪಟ್ಟಿ ಬಳಸಿ, ಕಬ್ಬಿಣದ ಪುಟ್ಟಿ ಬ್ಲೇಡ್ ವಿನೀರನ್ನು ಎಬ್ಬಿಸಿಬಿಡುತ್ತದೆ. ಹಳೆ ಪಾಲಿಶನ್ನು ಬರೀ ಸ್ಯಾಂಡ್‌ಪೇಪರ್‌ನಲ್ಲಿ ಕೆರೆದು ತೆಗೆಯುತ್ತೇನೆ ಅನ್ನುವವರಿಗೆ ಒಂದೇ ಮಾತು: ಅರ್ಧ ಎಂಎಂ.

ಯಾವ ನಂಬರ್ ಸ್ಯಾಂಡ್‌ಪೇಪರ್, ಹೇಗೆ ಉಜ್ಜಬೇಕು?

ಹೊಸ ವಿನೀರ್ ಆದರೆ 180 ರಿಂದ ಶುರು, 220 ಕ್ಕೆ ಮುಗಿಸಿ. ಸ್ಟೇನ್ ಹಾಕುವುದಿದ್ದರೆ ಅದಕ್ಕಿಂತ ನುಣುಪು ಬೇಡ. ತೀರಾ ನುಣ್ಣಗಾದರೆ ಬಣ್ಣ ಹಿಡಿಯುವುದು ಕಡಿಮೆಯಾಗಿ ಪೇಲವವಾಗಿ ಕಾಣುತ್ತದೆ. ಪೇಪರನ್ನು ಬೆರಳಲ್ಲಿ ಹಿಡಿಯಬೇಡಿ, ಚಿಕ್ಕ ಮರದ ತುಂಡಿಗೋ ಗಟ್ಟಿ ರಬ್ಬರ್ ತುಂಡಿಗೋ ಸುತ್ತಿಕೊಳ್ಳಿ. ಉಜ್ಜುವ ಮೊದಲು ಪೆನ್ಸಿಲಿನಿಂದ ಮೇಲೆಲ್ಲ ಹಗುರವಾಗಿ ಗೀಚಿ. ಗೀಚು ಮಾಯವಾದ ಕೂಡಲೇ ನಿಲ್ಲಿಸಿ. ಎಲ್ಲಿ ಉಜ್ಜಿದ್ದೀರಿ, ಎಲ್ಲಿ ಬಿಟ್ಟಿದ್ದೀರಿ ಅನ್ನುವುದು ಇದರಿಂದ ಕಣ್ಣಿಗೇ ಕಾಣುತ್ತದೆ.

ಈಗ ಮೂಲೆಗೆ ಬನ್ನಿ, ಯಾಕೆಂದರೆ ಫ್ರೇಮ್ ಕೆಡುವುದು ಮೂಲೆಯಲ್ಲೇ. ಮೇಲಿನ ಪಟ್ಟಿಯ ಎಳೆ ಅಡ್ಡ ಹೋಗುತ್ತದೆ, ಪಕ್ಕದ ಪಟ್ಟಿಯ ಎಳೆ ಉದ್ದ ಇಳಿಯುತ್ತದೆ, ಎರಡೂ ಸೇರುವುದು ಒಂದು ಓರೆ ಗೆರೆಯಲ್ಲಿ. ಮೇಲಿನದನ್ನು ಉಜ್ಜುತ್ತಾ ಕೈ ಆ ಗೆರೆ ದಾಟಿತೋ, ಪಕ್ಕದ ಪಟ್ಟಿಯ ಎಳೆಗೆ ಅಡ್ಡಲಾಗಿ ಗೀರು ಬೀಳುತ್ತದೆ. ಆಗ ಅದು ಕಾಣುವುದಿಲ್ಲ. ಸ್ಟೇನ್ ಹಚ್ಚಿದ ಕ್ಷಣ ಆ ಗೀರುಗಳಲ್ಲೆಲ್ಲ ಬಣ್ಣ ತುಂಬಿಕೊಂಡು ಕಪ್ಪು ಗೆರೆಗಳಾಗಿ ಎದ್ದು ಕಾಣುತ್ತವೆ. ಆದ್ದರಿಂದ ಓರೆ ಗೆರೆಗೆ ಸರಿಯಾಗಿ ಮಾಸ್ಕಿಂಗ್ ಟೇಪ್ ಹಚ್ಚಿ, ಒಂದು ಪಟ್ಟಿ ಮುಗಿಸಿ, ಟೇಪ್ ತೆಗೆದು ಈ ಕಡೆ ಹಚ್ಚಿ, ಇನ್ನೊಂದು ಪಟ್ಟಿ ಉಜ್ಜಿ. ಟೇಪನ್ನು ನಿಧಾನವಾಗಿ, ಎಳೆಯ ದಿಕ್ಕಿನಲ್ಲೇ ಎತ್ತಿ, ಇಲ್ಲದಿದ್ದರೆ ಸಿಬಿರು ಎದ್ದು ಬರುತ್ತದೆ. ಕೊನೆಗೆ ದೀಪ ಆರಿಸಿ ಮೊಬೈಲ್ ಟಾರ್ಚನ್ನು ಫ್ರೇಮ್ ಪಕ್ಕ ಮಲಗಿಸಿ ನೋಡಿ. ಉಳಿದ ಗೀರು ಇದ್ದರೆ ನೆರಳು ಬೀಳುತ್ತದೆ.

ಹೊರ ಅಂಚಿನ ಏಣಿನ ಮೇಲೆ ಒತ್ತಡ ಬೇಡ. ವಿನೀರ್ ಮೊದಲು ಸವೆದು ಕೆಳಗಿನ ಬಿಳಿ ಪ್ಲೈ ಕಾಣಿಸಿಕೊಳ್ಳುವುದು ಅಲ್ಲೇ.

ಫೆವಿಕಾಲ್ ಕಲೆ ಇದೆಯಾ ಅಂತ ಮೊದಲೇ ಗೊತ್ತಾಗುತ್ತದಾ?

ಗೊತ್ತಾಗುತ್ತದೆ. ಅಂಟು ಕೂತ ಕಡೆ ಸ್ಟೇನ್ ಹಿಡಿಯುವುದಿಲ್ಲ, ಅದಕ್ಕೆ ಉಜ್ಜಿದ ಮೇಲೆ ಇಡೀ ಫ್ರೇಮನ್ನು ಸ್ಪಿರಿಟ್ ಬಟ್ಟೆಯಲ್ಲಿ ಒರೆಸಿ. ಮರವೆಲ್ಲ ಗಾಢವಾಗುತ್ತದೆ, ಅಂಟು ಕೂತ ಜಾಗ ಮಾತ್ರ ಬಿಳಿಚಿಕೊಂಡಿರುತ್ತದೆ. ಸಾಮಾನ್ಯವಾಗಿ ಮೂಲೆ ಜೋಡಣೆಯ ಪಕ್ಕದಲ್ಲೇ ಇರುತ್ತದೆ. ಒದ್ದೆ ಆರುವ ಮೊದಲು ಪೆನ್ಸಿಲಿನಿಂದ ಗುರುತು ಹಾಕಿ. ಬ್ಲೇಡನ್ನು ನೇರವಾಗಿ ನಿಲ್ಲಿಸಿ ಮೆಲ್ಲಗೆ ಕೆರೆದು, 220 ರಲ್ಲಿ ಸವರಿ. ಬಿಸಿ ನೀರಿನ ಬಟ್ಟೆಯಲ್ಲಿ ಮೆದು ಮಾಡಿದರೂ ಬರುತ್ತದೆ, ಆದರೆ ವಿನೀರನ್ನು ಜಾಸ್ತಿ ಹೊತ್ತು ಒದ್ದೆ ಇಡಬೇಡಿ.

ಇದೇ ಒರೆಸುವಿಕೆ ಇನ್ನೊಂದು ಉಪಕಾರವನ್ನೂ ಮಾಡುತ್ತದೆ. ಸ್ಟೇನ್ ಇಲ್ಲದೆ ಬರೀ ಪಾಲಿಶ್ ಹಚ್ಚಿದರೆ ಮರ ಯಾವ ಬಣ್ಣಕ್ಕೆ ಬರುತ್ತದೆ ಅಂತ ಸ್ಪಿರಿಟ್ ಒದ್ದೆ ಇರುವ ಆ ಒಂದೆರಡು ನಿಮಿಷದಲ್ಲಿ ಕಾಣುತ್ತದೆ.

ಹಾಗಾದರೆ ಸ್ಟೇನ್ ಬೇಕೇ ಬೇಕಾ?

ನನ್ನ ಅಭಿಪ್ರಾಯ ಕೇಳಿದರೆ ತೇಗಕ್ಕೂ ಬೀಟೆಗೂ ಬೇಡ. ಒಳ್ಳೆ ತೇಗದ ವಿನೀರ್‌ಗೆ ದುಡ್ಡು ಕೊಟ್ಟು ತಂದು, ಅದರ ಮೇಲೆ ಗಾಢ ವಾಲ್ನಟ್ ಸ್ಟೇನ್ ಬಳಿದು, ಎಳೆಯೇ ಕಾಣದ ಹಾಗೆ ಮಾಡುವುದನ್ನು ನೋಡಿದರೆ ನಿಜವಾಗಿ ಸಂಕಟವಾಗುತ್ತದೆ. ತೇಗ ಮೊದಲು ಪೇಲವವಾಗಿ, ಹಸಿರು ಛಾಯೆಯಲ್ಲೋ ತೇಪೆ ತೇಪೆಯಾಗಿಯೋ ಇದ್ದರೆ ಗಾಬರಿ ಬೇಡ, ಬೆಳಕಿಗೆ ಬಿಟ್ಟರೆ ಕೆಲವು ವಾರಗಳಲ್ಲಿ ತಾನೇ ಹೊಂಬಣ್ಣಕ್ಕೆ ತಿರುಗುತ್ತದೆ.

ಸ್ಟೇನ್ ನಿಜಕ್ಕೂ ಕೆಲಸಕ್ಕೆ ಬರುವುದು ಎರಡು ಕಡೆ. ಮನೆಯಲ್ಲಿರುವ ಬೀರು, ಬಾಗಿಲಿನ ಬಣ್ಣಕ್ಕೆ ಹೊಂದಿಸಬೇಕಾದಾಗ ಒಂದು. ಇನ್ನೊಂದು, ಸುತ್ತ ವಿನೀರ್, ಒಳ ಅಂಚಿಗೆ ಗಟ್ಟಿ ಮರದ ಬೀಡಿಂಗ್ ಇದ್ದು ಎರಡರ ಬಣ್ಣ ಬೇರೆ ಬೇರೆ ಇದ್ದಾಗ. ಆಗಲೂ ತಿಳಿಯಾಗಿರುವುದನ್ನು ಗಾಢದ ಕಡೆಗೆ ತನ್ನಿ. ಗಾಢವಾದದ್ದನ್ನು ತಿಳಿ ಮಾಡಲು ಆಗುವುದಿಲ್ಲ.

ಯಾವ ಥರದ ಸ್ಟೇನ್ ತಗೊಳ್ಳಲಿ?

ನಮ್ಮ ಹಾರ್ಡ್‌ವೇರ್ ಅಂಗಡಿಗಳಲ್ಲಿ ಹೆಚ್ಚಾಗಿ ಸಿಗುವುದು ಥಿನ್ನರ್ ಬೆರೆಸುವ ಸ್ಟೇನ್. ಬೇಗ ಒಣಗುತ್ತದೆ, ಮರದ ನಾರು ಎಬ್ಬಿಸುವುದಿಲ್ಲ. ಆದರೆ ಬೇಗ ಒಣಗುವುದೇ ಹೊಸಬರಿಗೆ ಕಷ್ಟ, ಒಂದು ಎಳೆತದ ಮೇಲೆ ಇನ್ನೊಂದು ಬಿದ್ದ ಕಡೆ ಪಟ್ಟೆ ಬರುತ್ತದೆ. ಇನ್ನೊಂದು ವಿಷಯ ಯಾರೂ ಹೇಳುವುದಿಲ್ಲ: ವಿನೀರನ್ನು ರಬ್ಬರ್ ಥರದ ಹಳದಿ ಅಂಟಿನಿಂದ, ಅಂದರೆ ಎರಡೂ ಕಡೆ ಹಚ್ಚಿ ಒಣಗಿಸಿ ಅಂಟಿಸುವಂಥದ್ದರಿಂದ, ಅಂಟಿಸಿದ್ದರೆ ಥಿನ್ನರ್ ಜಾಸ್ತಿಯಾದಾಗ ಆ ಅಂಟು ಮೆದುವಾಗಿ ವಿನೀರ್ ಉಬ್ಬಬಹುದು. ತೊಯ್ಯಿಸಬೇಡಿ, ಒರೆಸಿ ಅಷ್ಟೇ.

ನೀರಿನ ಸ್ಟೇನ್‌ಗೆ ವಾಸನೆ ಕಡಿಮೆ, ಬಣ್ಣ ಶುಭ್ರ. ಆದರೆ ನಾರು ಎದ್ದು ಮೇಲ್ಮೈ ತರಿತರಿಯಾಗುತ್ತದೆ. ಅದಕ್ಕೆ ಮೊದಲೇ ಬರೀ ನೀರಿನ ಬಟ್ಟೆಯಲ್ಲಿ ಹಗುರವಾಗಿ ಒರೆಸಿ, ಒಣಗಿಸಿ, ಎದ್ದ ನಾರನ್ನು 320 ರಲ್ಲಿ ಒಂದೇ ಸಲ ಸವರಿಬಿಡಿ, ಆಮೇಲೆ ಸ್ಟೇನ್ ಹಚ್ಚಿದರೆ ತೊಂದರೆ ಕಡಿಮೆ. ಎಣ್ಣೆ ಸ್ಟೇನ್ ನಿಧಾನವಾಗಿ ಒಣಗುತ್ತದೆ, ಒರೆಸಲು ಪುರುಸೊತ್ತು ಸಿಗುತ್ತದೆ, ಮೊದಲ ಸಲ ಮಾಡುವವರಿಗೆ ನಾನು ಇದನ್ನೇ ಹೇಳುತ್ತೇನೆ. ಜೆಲ್ ಸ್ಟೇನ್ ಸಿಕ್ಕಿದರೆ ಪೈನ್, ಬರ್ಚ್, ಮೇಪಲ್‌ನಂಥ ತೇಪೆ ಬೀಳುವ ಮರಕ್ಕೆ ಒಳ್ಳೆಯದು, ಅದು ಆಳಕ್ಕೆ ಇಳಿಯದೆ ಮೇಲೆಯೇ ಸಮನಾಗಿ ಕೂರುತ್ತದೆ.

ಡಬ್ಬದ ಮೇಲಿನ ಬಣ್ಣವೇ ಬರುತ್ತದಾ?

ಬರುವುದಿಲ್ಲ. ಅದೇ ವಿನೀರಿನ ಚೂರು ಬಡಗಿಯ ಹತ್ತಿರ ಇದ್ದೇ ಇರುತ್ತದೆ, ಕೇಳಿ ಇಸಿದುಕೊಳ್ಳಿ. ಅದನ್ನು ಫ್ರೇಮ್ ಉಜ್ಜಿದ ಹಾಗೇ ಉಜ್ಜಿ, ಸ್ಟೇನ್ ಹಚ್ಚಿ, ಅರ್ಧ ಭಾಗಕ್ಕೆ ಸೀಲರ್ (ಪಾಲಿಶಿಗೆ ಮೊದಲು ಮರದ ರಂಧ್ರ ಮುಚ್ಚುವ ಕೋಟ್) ಮತ್ತು ಪಾಲಿಶ್ ಕೂಡ ಹಚ್ಚಿ. ಒಣಗಿದ ಸ್ಟೇನ್ ಮಂಕಾಗಿ ಕಾಣುತ್ತದೆ, ಮೇಲೆ ಪಾಲಿಶ್ ಬಿದ್ದಾಗ ಮತ್ತೆ ಗಾಢವಾಗುತ್ತದೆ. ಈ ಎರಡರ ನಡುವೆ ಮನಸ್ಸು ಕೆಟ್ಟು ಇನ್ನೊಂದು ಕೋಟ್ ಹಾಕುವವರೇ ಜಾಸ್ತಿ. ಆ ಚೂರನ್ನು ಕನ್ನಡಿ ತೂಗುವ ಗೋಡೆಯ ಹತ್ತಿರ ಹಿಡಿದು ಹಗಲಲ್ಲೂ ರಾತ್ರಿ ದೀಪದಲ್ಲೂ ನೋಡಿ. ಬಿಳಿ ಟ್ಯೂಬ್‌ಲೈಟಿನಲ್ಲಿ ಸರಿ ಕಂಡ ವಾಲ್ನಟ್ ಹಳದಿ ಎಲ್‌ಇಡಿಯಲ್ಲಿ ಕೆಂಪಾಗಿ ಕಾಣಬಹುದು.

ಸ್ಟೇನ್ ಹಚ್ಚುವ ಕ್ರಮ ಹೇಗೆ?

ಸ್ಟೇನ್ ಡಬ್ಬವನ್ನು ತಳದವರೆಗೆ ಕಲಕಿ, ಬಣ್ಣದ ಪುಡಿ ಕೆಳಗೆ ಕೂತಿರುತ್ತದೆ. ಹಳೆ ಕಾಟನ್ ಪಂಚೆಯ ತುಂಡು ಸಾಕು. ಮೊದಲು ಒಳ ಅಂಚು, ಹೊರ ಅಂಚು, ಕೊನೆಗೆ ಎದುರು ಮುಖ. ಎದುರು ಮುಖದಲ್ಲಿ ಒಂದು ಸಲಕ್ಕೆ ಒಂದೇ ಪಟ್ಟಿ, ಈ ಮೂಲೆಯಿಂದ ಆ ಮೂಲೆಗೆ ನಡುವೆ ನಿಲ್ಲಿಸದೆ. ಹಚ್ಚಿದ ಮೇಲೆ ಒಣ ಬಟ್ಟೆಯಿಂದ ಎಳೆಯ ಉದ್ದಕ್ಕೂ ಒರೆಸಿ ತೆಗೆಯಿರಿ, ಮೂಲೆಯಲ್ಲಿ ಓರೆ ಗೆರೆಯವರೆಗೆ ಮಾತ್ರ. ಒಳ ಮೂಲೆಗಳಲ್ಲಿ ಸ್ಟೇನ್ ನಿಂತುಬಿಡುತ್ತದೆ, ಒಣ ಬ್ರಷ್‌ನ ತುದಿಯಿಂದ ಹೀರಿ ತೆಗೆಯಿರಿ.

ಜಾಸ್ತಿ ಹೊತ್ತು ಬಿಟ್ಟರೆ ಬಣ್ಣ ಜಾಸ್ತಿ ಏರುತ್ತದೆ ಅಂದುಕೊಂಡು ಬಿಡಬೇಡಿ, ಅಂಟಾಗಿ ಒರೆಸಲು ಬರದ ಹಾಗಾಗುತ್ತದೆ. ಇನ್ನೂ ಗಾಢ ಬೇಕಾದರೆ ಪೂರ್ತಿ ಒಣಗಿದ ಮೇಲೆ ಇನ್ನೊಂದು ತೆಳು ಕೋಟ್. ಅಂಚಿನಲ್ಲಿ ಕೊಯ್ದ ತುದಿ ಕಾಣುತ್ತಿದ್ದರೆ ಅದು ಸ್ಟೇನನ್ನು ಕುಡಿದು ಕಪ್ಪಾಗುತ್ತದೆ. ಅಲ್ಲಿಗೆ ಮಾತ್ರ ಮೊದಲೇ ತೀರಾ ತೆಳು ಮಾಡಿದ ಸೀಲರ್ ಸವರಿ ಒಣಗಿಸಿಕೊಳ್ಳಿ.

ಎಲ್ಲ ಚೆನ್ನಾಗಿ ಬಂತು, ಕನ್ನಡಿ ಕೂರಿಸಿದ ಮೇಲೆ ಒಳ ಅಂಚಿನಲ್ಲಿ ಬಿಳಿ ಗೆರೆ ಕಾಣುತ್ತಿದೆ. ಏನದು?

ಅದು ನಿಮ್ಮ ಫ್ರೇಮಿನ ಹಿಂಭಾಗವೇ. ಕನ್ನಡಿ ಕೂರುವ ಗಾಡಿಯ, ಅಂದರೆ ಫ್ರೇಮಿನ ಹಿಂದೆ ಕೊರೆದ ತೋಡಿನ, ತುಟಿ ಗಾಜಿಗೆ ತಾಗಿರುತ್ತದೆ, ಆದರೆ ಪ್ರತಿಫಲಿಸುವ ಲೇಪ ಇರುವುದು ಗಾಜಿನ ಹಿಂದೆ. ಹಾಗಾಗಿ ತುಟಿಯ ಒಳಮುಖ ಸ್ವಲ್ಪ ದೂರದಲ್ಲಿ ಕನ್ನಡಿಯೊಳಗೆ ಕಾಣುತ್ತದೆ. ಮುಂದಿನಿಂದ ನೋಡಿದಾಗ ಯಾರಿಗೂ ಕಾಣುವುದಿಲ್ಲ ಅಂದುಕೊಂಡು ಬಿಟ್ಟ ಹಸಿ ಪ್ಲೈ, ಪಕ್ಕದಿಂದ ನೋಡಿದಾಗ ಬಿಳಿ ಗೆರೆಯಾಗಿ ಕಾಣುವುದು ಹೀಗೆ. ಗಾಡಿಯ ಒಳಭಾಗ ಪೂರ್ತಿ, ತುಟಿಯ ಹಿಂಬದಿ ಸೇರಿಸಿ, ಗಾಢ ಸ್ಟೇನೋ ಮಂಕು ಕಪ್ಪು ಬಣ್ಣವೋ ಹಚ್ಚಿ ಒಣಗಿಸಿ. ಐದು ನಿಮಿಷದ ಕೆಲಸ. ಒಳ್ಳೆ ಫ್ರೇಮನ್ನೂ ಸಾಧಾರಣ ಫ್ರೇಮನ್ನೂ ಬೇರೆ ಮಾಡುವುದು ಇಂಥ ಜಾಗಗಳೇ.

ತೇಗ, ಓಕ್‌ನ ಸಣ್ಣ ಗುಳಿಗಳನ್ನು ತುಂಬಬೇಕಾ?

ಕನ್ನಡಿಯಂಥ ಹೊಳಪು ಬೇಕಾದರೆ ತುಂಬಬೇಕು. ಹಳೆ ಪಾಲಿಶ್ ಕೆಲಸದವರು ಸೀಮೆಸುಣ್ಣದ ಪುಡಿಗೆ ಮರದ ಬಣ್ಣ ಬರುವಷ್ಟು ಕೆಮ್ಮಣ್ಣು ಬೆರೆಸಿ ಎಳೆಗೆ ಅಡ್ಡಲಾಗಿ ತಿಕ್ಕಿ ತುಂಬುತ್ತಿದ್ದರು. ಈಗ ಸಿದ್ಧ ಗ್ರೇನ್ ಫಿಲ್ಲರ್ ಸಿಗುತ್ತದೆ. ಮಂಕು ಅಥವಾ ಅರೆ ಹೊಳಪು ಬೇಕಾದರೆ ಗುಳಿಗಳನ್ನು ಹಾಗೇ ಬಿಡಿ, ಮುಟ್ಟಿದರೆ ಮರ ಅಂತ ಗೊತ್ತಾಗುತ್ತದೆ. ನನಗೆ ಅದೇ ಇಷ್ಟ.

ಮೇಲೆ ಏನು ಹಾಕಲಿ? ಅರಗು, ಲ್ಯಾಕರ್, ಮೆಲಮೈನ್, ಪಿಯು, ಎಲ್ಲರೂ ಒಂದೊಂದು ಹೇಳುತ್ತಾರೆ.

ಎಲ್ಲಿ ತೂಗುತ್ತೀರಿ ಅನ್ನುವುದರ ಮೇಲೆ ಹೋಗುತ್ತದೆ. ಬೆಡ್‌ರೂಮ್, ಹಾಲ್‌ನ ಕನ್ನಡಿಯನ್ನು ಯಾರೂ ದಿನಾ ಮುಟ್ಟುವುದಿಲ್ಲ, ಬಿಸಿ ಪಾತ್ರೆ ಇಡುವುದಿಲ್ಲ. ಅಲ್ಲಿಗೆ ಅರಗಿನ ಪಾಲಿಶ್ ಸಾಕು, ಸಾಕು ಅನ್ನುವುದಕ್ಕಿಂತ ಅದರಷ್ಟು ಆಳವಾದ ಹೊಳಪು ಬೇರೆ ಯಾವುದಕ್ಕೂ ಬರುವುದಿಲ್ಲ. ಗೀರು ಬಿದ್ದರೆ ಮನೆಯಲ್ಲೇ ಸರಿ ಮಾಡಿಕೊಳ್ಳಬಹುದು. ನೀರು ನಿಂತರೆ ಬಿಳಿ ಕಲೆ ಬರುತ್ತದೆ, ಸ್ಪಿರಿಟ್, ಸೆಂಟ್, ಸ್ಯಾನಿಟೈಸರ್ ತಾಗಿದರೆ ಕರಗುತ್ತದೆ. ಡ್ರೆಸ್ಸಿಂಗ್ ಟೇಬಲ್ ಕನ್ನಡಿಗೆ ಹಾಕುವ ಮುನ್ನ ಇದನ್ನು ಯೋಚಿಸಿ.

ವಾಷ್ ಬೇಸಿನ್ ಮೇಲಿನ ಕನ್ನಡಿ, ಬಾತ್‌ರೂಮ್ ಕನ್ನಡಿಗೆ ಪಿಯು. ಅದರಲ್ಲೂ ಕೆಳಗಿನ ಅಂಚು, ಹಿಂಭಾಗ, ಎಂಡಿಎಫ್‌ನ ಕೊಯ್ದ ತುದಿ ಇವಕ್ಕೆಲ್ಲ ಬೀಳಲೇಬೇಕು. ಎಂಡಿಎಫ್ ನೀರು ಹೀರಿ ಉಬ್ಬಿತೆಂದರೆ ಮತ್ತೆ ಇಳಿಯುವುದಿಲ್ಲ, ವಿನೀರೂ ಅದರ ಜೊತೆ ಒಡೆಯುತ್ತದೆ. ಪಿಯು ಹೆಚ್ಚಾಗಿ ಎರಡು ಡಬ್ಬದಲ್ಲಿ ಬರುತ್ತದೆ, ಬೆರೆಸುವ ಪ್ರಮಾಣ ಡಬ್ಬದ ಮೇಲಿದ್ದಂತೆಯೇ ಇರಲಿ, ಕಣ್ಣಂದಾಜು ಬೇಡ. ಬೆರೆಸಿದ್ದನ್ನು ಅದು ಹೇಳಿದ ಸಮಯದೊಳಗೆ ಮುಗಿಸಬೇಕು. ಮೆಲಮೈನ್ ಕೂಡ ಎರಡು ಭಾಗದ್ದೇ. ಗಟ್ಟಿ, ಬೆಲೆ ಕಡಿಮೆ, ಆದರೆ ವಾಸನೆ ಖಾರ, ವರ್ಷ ಕಳೆದಂತೆ ಹಳದಿ ತಿರುಗುತ್ತದೆ. ತಿಳಿ ಬಣ್ಣದ ಮೇಪಲ್, ಆ್ಯಶ್ ವಿನೀರ್ ಇದ್ದರೆ ಹಳದಿಯಾಗದ ನೀರಿನ ಪಿಯು ನೋಡಿ.

ಎನ್‌ಸಿ ಲ್ಯಾಕರ್ ಸ್ಪ್ರೇ ಇದ್ದವರಿಗೆ ಸುಲಭ, ಬ್ರಷ್‌ನಲ್ಲಿ ಹಚ್ಚಲು ಹೋದರೆ ಗೆರೆ ಉಳಿಯುತ್ತದೆ. ಬರೀ ಎಣ್ಣೆ, ಜೇನುಮೇಣ ಹಚ್ಚಿ ಬಿಡುವುದೂ ಒಂದು ದಾರಿ, ಆಗಾಗ ಮತ್ತೆ ಹಚ್ಚುತ್ತಿರಬೇಕು.

ತೇಗ, ಬೀಟೆ ಎರಡರಲ್ಲೂ ಮರದ ಸ್ವಂತ ಎಣ್ಣೆ ಇರುತ್ತದೆ. ಅದು ಎಣ್ಣೆ ಆಧಾರದ ವಾರ್ನಿಷನ್ನು ಒಣಗಲು ಬಿಡುವುದಿಲ್ಲ, ದಿನಗಟ್ಟಲೆ ಅಂಟಂಟಾಗಿಯೇ ಇರುತ್ತದೆ. ಹಚ್ಚುವ ಸ್ವಲ್ಪ ಮೊದಲು ಥಿನ್ನರ್ ಅಥವಾ ಅಸಿಟೋನ್ ಬಟ್ಟೆಯಿಂದ ಒರೆಸಿ. ಇನ್ನು, ಯಾವುದೇ ಪಾಲಿಶ್ ಆಗಲಿ, ಸೀಲರ್ ಮತ್ತು ಮೇಲಿನ ಕೋಟ್ ಒಂದೇ ಕಂಪನಿಯ ಒಂದೇ ಸಾಲಿನದ್ದಿರಲಿ. ಮೇಣ ತೆಗೆಯದ ಅರಗಿನ ಮೇಲೆ ಪಿಯು ಹಾಕಿದರೆ ಸಿಪ್ಪೆಯಾಗಿ ಏಳಬಹುದು.

ಅರಗಿನ ಪಾಲಿಶ್ ಮನೆಯಲ್ಲಿ ಮಾಡುವುದು ಹೇಗೆ?

ಅರಗು ಅಂದರೆ ಮರದ ಕೊಂಬೆಯ ಮೇಲೆ ಒಂದು ಸಣ್ಣ ಕೀಟ ಸುರಿಸುವ ರಾಳ. ಚನ್ನಪಟ್ಟಣದ ಬೊಂಬೆಗಳಿಗೆ ಆ ಹೊಳಪು ಬರುವುದೂ ಅದರಿಂದಲೇ, ಅಲ್ಲಿ ಬಣ್ಣ ಬೆರೆಸಿದ ಅರಗನ್ನು ತಿರುಗುವ ಮರಕ್ಕೆ ಒತ್ತಿ ಬಿಸಿಯಲ್ಲಿ ಹಿಡಿಸುತ್ತಾರೆ. ಫ್ರೇಮ್‌ಗೆ ನಾವು ಅದನ್ನು ಸ್ಪಿರಿಟ್‌ನಲ್ಲಿ ಕರಗಿಸಿ ಹಚ್ಚುತ್ತೇವೆ.

ಒಂದು ಲೀಟರ್ ಸ್ಪಿರಿಟ್‌ಗೆ 200 ರಿಂದ 250 ಗ್ರಾಂ ಅರಗಿನ ಚಕ್ಕೆ. ಗಾಜಿನ ಬಾಟಲಿಯಲ್ಲಿ ಹಾಕಿ, ಆಗಾಗ ಅಲ್ಲಾಡಿಸುತ್ತಾ ಒಂದು ರಾತ್ರಿ ಬಿಡಿ. ಕಬ್ಬಿಣದ ಡಬ್ಬ ಬೇಡ, ಪಾಲಿಶ್ ಕಪ್ಪಾಗುತ್ತದೆ. ಬೆಳಿಗ್ಗೆ ತೆಳು ಬಟ್ಟೆಯಲ್ಲಿ ಸೋಸಿಕೊಳ್ಳಿ. ಬೇಕಾದಷ್ಟೇ ಮಾಡಿ, ತಿಂಗಳುಗಟ್ಟಲೆ ಇಟ್ಟ ಪಾಲಿಶ್ ಸರಿಯಾಗಿ ಒಣಗುವುದಿಲ್ಲ.

ಹತ್ತಿಯ ಉಂಡೆ ಮಾಡಿ ಹಳೆ ಪಂಚೆಯ ಮೆತ್ತನೆ ತುಂಡಿನಲ್ಲಿ ಸುತ್ತಿ, ಕೆಳಗೆ ಒಂದೂ ಮಡಿಕೆ ಇರದ ಹಾಗೆ ಮೇಲೆ ತಿರುಚಿ ಹಿಡಿಯಿರಿ. ಪಾಲಿಶನ್ನು ಒಳಗಿನ ಹತ್ತಿಗೆ ಹಾಕಿ, ಬಟ್ಟೆಗೆ ಹಾಕಬೇಡಿ. ಒಂದು ಕಾಗದದ ಮೇಲೆ ಒತ್ತಿ ನೋಡಿ: ತೇವದ ಗುರುತು ಬೀಳಬೇಕು, ತೊಟ್ಟಿಕ್ಕಬಾರದು. ಫ್ರೇಮಿನ ಪಟ್ಟಿ ಕಿರಿದಾಗಿರುವುದರಿಂದ ಸುತ್ತು ಸುತ್ತಾಗಿ ತಿರುಗಿಸಲು ಜಾಗ ಇರುವುದಿಲ್ಲ, ಎಳೆಯ ಉದ್ದಕ್ಕೂ ನೇರವಾಗಿ ಎಳೆಯಿರಿ. ಉಂಡೆ ಪಟ್ಟಿಗೆ ತಾಗುವಾಗಲೂ ಬಿಡುವಾಗಲೂ ಕೈ ಚಲಿಸುತ್ತಲೇ ಇರಬೇಕು. ಒಂದು ಕ್ಷಣ ನಿಂತರೂ ಕೆಳಗಿನ ಪದರ ಕರಗಿ ಬಟ್ಟೆಯ ಅಚ್ಚು ಮೂಡುತ್ತದೆ. ಒಂದು ಪಟ್ಟಿ ಮುಗಿಸಿ ಮುಂದಿನದಕ್ಕೆ ಹೋಗಿ, ನಾಲ್ಕನೆಯದು ಮುಗಿಯುವಷ್ಟರಲ್ಲಿ ಮೊದಲನೆಯದು ಆರಿರುತ್ತದೆ. ಉಂಡೆ ಎಳೆದಾಡುವ ಹಾಗೆ ಅನಿಸಿದರೆ ಬೆರಳ ತುದಿಯಲ್ಲಿ ಒಂದು ಹನಿ ಅಗಸೆ ಎಣ್ಣೆ ಬಟ್ಟೆಗೆ ಸವರಿ, ಹನಿ ಅಂದರೆ ಹನಿಯೇ.

ಕೆಲವು ಕೋಟ್ ಆದ ಮೇಲೆ ಒಂದು ರಾತ್ರಿ ಬಿಡಿ. ಮರುದಿನ 400 ರಲ್ಲಿ ತೂಕವೇ ಹಾಕದೆ ಸವರಿ, ಧೂಳು ಒರೆಸಿ, ಪಾಲಿಶಿಗೆ ಇನ್ನಷ್ಟು ಸ್ಪಿರಿಟ್ ಬೆರೆಸಿ ತೆಳು ಮಾಡಿಕೊಂಡು ಮುಂದುವರಿಸಿ. ಹಿಂಭಾಗಕ್ಕೂ ಒಂದೆರಡು ಕೋಟ್ ಕೊಡಿ. ಒಂದೇ ಮುಖ ಮುಚ್ಚಿದರೆ ತೇವ ಇನ್ನೊಂದು ಕಡೆಯಿಂದ ಮಾತ್ರ ಹೋಗಿಬಂದು ತೆಳು ಪ್ಲೈನ ಫ್ರೇಮ್ ಸೊಟ್ಟಗಾಗುತ್ತದೆ.

ಪಾಲಿಶ್ ಹಚ್ಚಿದ ಮೇಲೆ ಹಾಲಿನ ಹಾಗೆ ಬಿಳಿ ಬಂತು, ಯಾಕೆ?

ಗಾಳಿಯಲ್ಲಿ ತೇವ ಜಾಸ್ತಿ ಇತ್ತು. ಸ್ಪಿರಿಟ್, ಥಿನ್ನರ್ ಬೇಗ ಆರುವಾಗ ಮೇಲ್ಮೈ ತಂಪಾಗಿ ಗಾಳಿಯ ನೀರು ಪದರದಲ್ಲಿ ಸಿಕ್ಕಿಬೀಳುತ್ತದೆ. ಅರಗಿಗೂ ಎನ್‌ಸಿ ಲ್ಯಾಕರ್‌ಗೂ ಇದೇ ಕಾಟ. ಮಂಗಳೂರು, ಉಡುಪಿ, ಶಿವಮೊಗ್ಗ ಕಡೆಯವರು ಜೂನ್‌ನಿಂದ ಸೆಪ್ಟೆಂಬರ್‌ವರೆಗೆ ಈ ಕೆಲಸ ಮುಂದೂಡುವುದೇ ಒಳ್ಳೆಯದು. ಬೆಂಗಳೂರಿನಲ್ಲಿ ಫೆಬ್ರವರಿ, ಮಾರ್ಚ್‌ನ ಒಣ ಹವೆ ಹೇಳಿ ಮಾಡಿಸಿದ ಹಾಗಿರುತ್ತದೆ. ಬಂದುಬಿಟ್ಟಿದ್ದರೆ ಗಾಬರಿ ಬೇಡ. ಬಿಸಿಲು ಬಿದ್ದ ಒಣ ದಿನ ನೋಡಿ, ಅರಗಾದರೆ ಬರೀ ಸ್ಪಿರಿಟ್ ತೇವದ ಉಂಡೆಯನ್ನು ಒಂದು ಸಲ ಹಗುರವಾಗಿ ಎಳೆಯಿರಿ. ಲ್ಯಾಕರ್ ಆದರೆ ನಿಧಾನವಾಗಿ ಆರುವ ರಿಟಾರ್ಡರ್ ಥಿನ್ನರ್ ಸ್ಪ್ರೇ ಮಾಡಿ. ತೇವ ಹೊರಬಂದು ತಿಳಿಯಾಗುತ್ತದೆ. ಫ್ರೇಮನ್ನೇ ನೇರ ಬಿಸಿಲಿಗೆ ಇಡಬೇಡಿ, ವಿನೀರ್ ಗುಳ್ಳೆ ಏಳುತ್ತದೆ.

ಮೈಸೂರು ಇನ್‌ಲೇ ಕೆಲಸ ಇರುವ ಬೀಟೆ ಫ್ರೇಮ್ ಇದೆ. ಸ್ಟೇನ್ ಮಾಡಬಹುದಾ?

ದಯವಿಟ್ಟು ಬೇಡ. ಬೀಟೆಯಲ್ಲಿ ತೋಡಿ ಕೂರಿಸಿದ ಬೇರೆ ಬೇರೆ ಮರದ ಸಹಜ ಬಣ್ಣಗಳೇ ಅಲ್ಲಿ ಚಿತ್ರ. ಆನೆಯೋ ಹೂಬಳ್ಳಿಯೋ, ಒಂದೊಂದು ಭಾಗಕ್ಕೂ ಒಂದೊಂದು ಮರ ಆರಿಸಿರುತ್ತಾರೆ. ಸ್ಟೇನ್ ಬಿದ್ದರೆ ಎಲ್ಲ ಒಂದೇ ಬಣ್ಣವಾಗಿ ಆ ಕೈಕೆಲಸವೇ ಮುಚ್ಚಿಹೋಗುತ್ತದೆ. ಇನ್ನೊಂದು ಅಪಾಯವೂ ಇದೆ. ಸ್ಪಿರಿಟ್ ತಾಗಿದರೆ ಬೀಟೆ ತನ್ನ ನೇರಳೆಗೆಂಪು ಬಣ್ಣ ಬಿಡುತ್ತದೆ, ಒದ್ದೆ ಬಟ್ಟೆಯಲ್ಲಿ ಎಳೆದರೆ ಅದು ಪಕ್ಕದ ತಿಳಿ ಮರದ ಮೇಲೆ, ಬಿಳಿ ತುಂಡುಗಳ ಮೇಲೆ ಹರಡುತ್ತದೆ. ಪಾಲಿಶ್ ಹೊಸದಾಗಿ ಬೇಕೆಂದರೆ ಮೊದಲ ಕೋಟ್ ಹೆಚ್ಚುಕಮ್ಮಿ ಒಣ ಎನ್ನುವಂಥ ಉಂಡೆಯಲ್ಲಿ ಇರಲಿ, ಬೀಟೆಯಿಂದ ತಿಳಿ ಮರದ ಕಡೆಗೆ ಎಳೆಯಬೇಡಿ, ಆರಿದ ಮೇಲೆ ಮುಂದಿನ ಕೋಟ್. ಹಳೆಯ, ಬೆಲೆಬಾಳುವ ತುಣುಕಾದರೆ ಮೈಸೂರಿನಲ್ಲೇ ಆ ಕೆಲಸ ಮಾಡುವವರ ಕೈಗೆ ಕೊಡಿ.

ವಿನೀರ್ ಗುಳ್ಳೆ ಎದ್ದಿದೆ, ಬೆರಳಲ್ಲಿ ತಟ್ಟಿದರೆ ಟೊಳ್ಳು ಸದ್ದು ಬರುತ್ತದೆ.

ಚೂಪಾದ ಬ್ಲೇಡಿನಿಂದ ಎಳೆಯ ಉದ್ದಕ್ಕೆ ಒಂದು ಸೀಳು ಹಾಕಿ, ಅಡ್ಡ ಹಾಕಿದರೆ ಕಾಣುತ್ತದೆ. ಮೆಡಿಕಲ್ ಶಾಪಿನ ಸಿರಿಂಜ್‌ನಲ್ಲಿ ತುಸು ನೀರು ಬೆರೆಸಿದ ಬಿಳಿ ಫೆವಿಕಾಲ್ ಒಳಗೆ ಬಿಡಿ, ಬೆರಳಲ್ಲಿ ಒತ್ತಿ ಹರಡಿ, ಹೊರಬಂದದ್ದನ್ನು ಒರೆಸಿ. ಮೇಲೆ ಪ್ಲಾಸ್ಟಿಕ್ ಹಾಳೆ, ಅದರ ಮೇಲೆ ಮಟ್ಟಸವಾದ ಹಲಗೆ, ಅದರ ಮೇಲೆ ಭಾರ ಇಟ್ಟು ಮರುದಿನದವರೆಗೆ ಬಿಡಿ. ಇದು ಸ್ಟೇನ್‌ಗೆ ಮೊದಲೇ ಆಗಬೇಕಾದ ಕೆಲಸ.

ಉಜ್ಜುವಾಗ ಒಂದು ಕಡೆ ವಿನೀರ್ ಹೋಗಿ ಪ್ಲೈ ಕಾಣುತ್ತಿದೆ. ಈಗೇನು?

ಅಲ್ಲೇ ನಿಲ್ಲಿಸಿ, ಸುತ್ತ ಉಜ್ಜಿ ಸಮ ಮಾಡಲು ಹೋದರೆ ದೊಡ್ಡದಾಗುತ್ತದೆ. ಇಡೀ ಫ್ರೇಮ್‌ಗೆ ಸ್ಟೇನ್ ಮತ್ತು ಒಂದು ಕೋಟ್ ಸೀಲರ್ ಆಗಲಿ. ಆಮೇಲೆ ತೆಳು ಅರಗಿನಲ್ಲಿ ಚಿಟಿಕೆ ಬಣ್ಣದ ಪುಡಿ ಕಲಸಿ, ಸಣ್ಣ ಚಿತ್ರದ ಬ್ರಷ್‌ನಲ್ಲಿ ಮೊದಲು ಹಿನ್ನೆಲೆಯ ತಿಳಿ ಬಣ್ಣ, ಆರಿದ ಮೇಲೆ ಪಕ್ಕದ ಎಳೆಗಳನ್ನು ಮುಂದುವರಿಸಿದ ಹಾಗೆ ಗಾಢ ಗೆರೆಗಳನ್ನು ಎಳೆಯಿರಿ. ಅಂಚಿನಲ್ಲಾದರೆ ಯಾರಿಗೂ ಕಾಣದ ಹಾಗೆ ಮುಚ್ಚಬಹುದು. ಪಟ್ಟಿಯ ನಟ್ಟನಡುವೆ ದೊಡ್ಡದಾಗಿ ಹೋಗಿದ್ದರೆ ಆ ಪಟ್ಟಿಗೆ ಹೊಸ ವಿನೀರ್ ಹಾಕುವುದೇ ಸರಿ.

ಬಟ್ಟೆ, ಥಿನ್ನರ್ ಇವನ್ನೆಲ್ಲ ಏನು ಮಾಡಲಿ?

ಇದನ್ನು ಹಗುರವಾಗಿ ತೆಗೆದುಕೊಳ್ಳಬೇಡಿ. ಅಗಸೆ ಎಣ್ಣೆ ಅಥವಾ ಎಣ್ಣೆ ಸ್ಟೇನ್ ಒರೆಸಿದ ಬಟ್ಟೆಗಳನ್ನು ಮುದ್ದೆ ಮಾಡಿ ಕಸದ ಬುಟ್ಟಿಗೆ ಹಾಕಿದರೆ, ಎಣ್ಣೆ ಒಣಗುವಾಗ ಹುಟ್ಟುವ ಬಿಸಿ ಒಳಗೇ ಕೂಡಿಕೊಂಡು ಬೆಂಕಿ ತಾನಾಗಿಯೇ ಹೊತ್ತಿಕೊಳ್ಳಬಹುದು. ಹೊರಗೆ ಹಗ್ಗದ ಮೇಲೆ ಒಂದೊಂದಾಗಿ ಹರಡಿ ಪೂರ್ತಿ ಒಣಗಿಸಿ, ಆಮೇಲೆ ಬಿಸಾಡಿ. ಸ್ಪಿರಿಟ್, ಥಿನ್ನರ್ ಕೆಲಸ ಮಾಡುವಾಗ ಹತ್ತಿರದಲ್ಲಿ ಗ್ಯಾಸ್ ಒಲೆ, ದೇವರ ದೀಪ, ಊದುಬತ್ತಿ ಯಾವುದೂ ಇರಬಾರದು. ಪಿಯು ಸ್ಪ್ರೇ ಮಾಡುವುದಾದರೆ ಬಟ್ಟೆ ಮಾಸ್ಕ್ ಏನೇನೂ ಸಾಲದು, ಅದರ ಹಾರ್ಡನರ್ ಶ್ವಾಸಕೋಶಕ್ಕೆ ಕೆಟ್ಟದ್ದು, ಕಾರ್ಟ್ರಿಡ್ಜ್ ಇರುವ ರೆಸ್ಪಿರೇಟರ್ ಬೇಕು. ಅದಿಲ್ಲದಿದ್ದರೆ ಸ್ಪ್ರೇ ಬೂತ್ ಇರುವವರ ಕೈಯಲ್ಲಿ ಮಾಡಿಸಿ.

ಕನ್ನಡಿ ಯಾವಾಗ ಕೂರಿಸಬಹುದು?

ಮುಟ್ಟಲು ಒಣಗಿದ ಕೂಡಲೇ ಬೇಡ, ಒಂದು ವಾರವಾದರೂ ಬಿಡಿ. ವಾಸನೆ ಪೂರ್ತಿ ಹೋಗಿರಬೇಕು. ಅಂಟಿಸುವುದಾದರೆ ವಿನೆಗರ್ ವಾಸನೆ ಬರುವ ಸಿಲಿಕೋನ್ ಬೇಡ, ಅದರ ಆಮ್ಲ ಬೆಳ್ಳಿ ಲೇಪವನ್ನು ತಿನ್ನುತ್ತದೆ. ನ್ಯೂಟ್ರಲ್ ಸಿಲಿಕೋನ್ ಅಂತ ಕೇಳಿ ತನ್ನಿ. ತೂಗು ಹಾಕುವ ಮೊದಲು ಭಾರ ಲೆಕ್ಕ ಹಾಕಿ: 4 ಎಂಎಂ ಗಾಜು ಒಂದು ಚದರ ಮೀಟರ್‌ಗೆ 10 ಕೆಜಿ ತೂಗುತ್ತದೆ. ಮೊಳೆ, ಸ್ಕ್ರೂ ಒಳಗಿನ ಪ್ಲೈಗೆ ಹೋಗಲಿ, ತೆಳು ಬೀಡಿಂಗ್‌ಗೆ ಬೇಡ.

ದಿನನಿತ್ಯ ಒರೆಸುವುದು ಹೇಗೆ?

ಗ್ಲಾಸ್ ಕ್ಲೀನರನ್ನು ಕನ್ನಡಿಗೆ ನೇರ ಸ್ಪ್ರೇ ಮಾಡಬೇಡಿ. ಕೆಳಗೆ ಹರಿದು ಫ್ರೇಮಿನ ಕೆಳ ಪಟ್ಟಿಯ ಸಂದಿಯಲ್ಲಿ ನಿಲ್ಲುತ್ತದೆ, ಪಾಲಿಶೂ ಹಾಳು, ಕನ್ನಡಿಯ ಅಂಚೂ ಹಾಳು. ಬಟ್ಟೆಗೆ ಸ್ಪ್ರೇ ಮಾಡಿ ಗಾಜು ಒರೆಸಿ. ಫ್ರೇಮ್‌ಗೆ ಒಣ ಮೆತ್ತನೆ ಬಟ್ಟೆ, ಕೊಳೆ ಇದ್ದರೆ ಹಿಂಡಿದ ಒದ್ದೆ ಬಟ್ಟೆ, ಕೂಡಲೇ ಒಣ ಬಟ್ಟೆ. ಅರಗಿನ ಪಾಲಿಶ್ ಇದ್ದರೆ ವರ್ಷಕ್ಕೊಮ್ಮೆ ಜೇನುಮೇಣದ ಪಾಲಿಶ್ ತೆಳುವಾಗಿ ಸವರಿ ಉಜ್ಜಿ.